ಕೋಬೆ ಎದ್ದು ನಿಂತಿತು, ಹಡಗುಗಳು ವಾಪಸ್ ಬರಲಿಲ್ಲ

ಜಪಾನಿನವರು ಕುಸಿದ ರಸ್ತೆಯನ್ನು ವಾರದೊಳಗೆ ಸರಿಮಾಡಿದರು ಅಂತ ಒಂದು ಫೋಟೋ ಆಗಾಗ ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಕೆಳಗೆ ನಮ್ಮೂರಿನ ಗುಂಡಿಗಳಿಗೆ ಬೈಗುಳ. ಬೈಯಲಿ, ತಪ್ಪಿಲ್ಲ. ಆದರೆ ಜಪಾನಿನಲ್ಲಿ ಏನು ಕೆಟ್ಟರೂ ಚಿಟಿಕೆ ಹೊಡೆಯುವಷ್ಟರಲ್ಲಿ ಸರಿಹೋಗುತ್ತದೆ ಅನ್ನುವವರು ಕೋಬೆಯ ಕಥೆ ಕೇಳಬೇಕು.

ಒಸಾಕಾ ಪಕ್ಕದ ಬಂದರು ನಗರ ಇದು. ಹಿಂದೆ ರೊಕ್ಕೊ ಬೆಟ್ಟ, ಮುಂದೆ ಸಮುದ್ರ, ನಡುವೆ ಇಕ್ಕಟ್ಟಿನ ಜಾಗ; ಇಡೀ ನಗರದಲ್ಲಿ ಸುಮಾರು 15 ಲಕ್ಷ ಜನ. 1868ರಲ್ಲಿ ವಿದೇಶಿ ಹಡಗುಗಳಿಗೆ ಬಾಗಿಲು ತೆರೆಯಿತು. ಜಾಗ ಸಾಲದಾದಾಗ ಬೆಟ್ಟ ಅಗೆದು, ಮಣ್ಣನ್ನು ಕನ್ವೇಯರ್ ಬೆಲ್ಟಿನಲ್ಲಿ ತೀರಕ್ಕೆ ಸಾಗಿಸಿ, ಕಡಲು ತುಂಬಿ ಪೋರ್ಟ್ ಐಲ್ಯಾಂಡ್ ಅನ್ನುವ ದ್ವೀಪವನ್ನೇ ಕಟ್ಟಿದರು. 1994ರಲ್ಲಿ ಕೋಬೆ ಬಂದರು, ಸಾಗಿಸಿದ ಕಂಟೇನರ್ ಲೆಕ್ಕದಲ್ಲಿ ಜಗತ್ತಿಗೇ ಆರನೆಯದು.

1995ರ ಜನವರಿ 17, ಬೆಳಗಿನ ಜಾವ 5.46. ನೆಲ ನಡುಗಿದಾಗ ಆ ತುಂಬಿದ ಮಣ್ಣು ಕೆಸರಾಗಿ ಉಕ್ಕಿತು. ಹಡಗು ನಿಲ್ಲುವ ಧಕ್ಕೆಗಳು ಕಡಲಿನ ಕಡೆ ಜರುಗಿದವು. ಚಿಕ್ಕಪುಟ್ಟ ಶೂ ಕಾರ್ಖಾನೆಗಳೂ ಹಳೇ ಮರದ ಮನೆಗಳೂ ಒತ್ತಿಕೊಂಡಿದ್ದ ನಗಾತಾ ಹೊತ್ತಿ ಉರಿಯಿತು. ಸುತ್ತಲ ಊರುಗಳೂ ಸೇರಿ ಸತ್ತವರು 6,400ಕ್ಕೂ ಜಾಸ್ತಿ.

ಎರಡು ವರ್ಷದಲ್ಲಿ ಬಂದರು ರೆಡಿ. ಮೆಚ್ಚಲೇಬೇಕು. ಆದರೆ ಹಡಗು ಕಂಪನಿಗಳು ಅಷ್ಟು ದಿನ ಸುಮ್ನೆ ಕಾಯುತ್ತವೆಯೇ? ಬೇರೆ ದೇಶಗಳ ಸರಕು ಇಲ್ಲಿ ಹಡಗು ಬದಲಿಸಿ ಮುಂದೆ ಹೋಗುತ್ತಿತ್ತು. ಆ ವ್ಯಾಪಾರ ಕೊರಿಯಾದ ಬೂಸಾನ್ ಕಡೆ ತಿರುಗಿತು, ಬಹುಪಾಲು ಅಲ್ಲೇ ಉಳಿಯಿತು. ಬೂಸಾನ್‌ನಲ್ಲಿ ಖರ್ಚು ಕಡಿಮೆ, ಅದು ಮೊದಲೇ ಬೆನ್ನು ಹತ್ತಿತ್ತು ಅನ್ನಿ. ಕೋಬೆಗೆ ಹಳೆಯ ಸ್ಥಾನ ಮತ್ತೆ ಸಿಗಲೇ ಇಲ್ಲ.

ಜನರದ್ದು ಇನ್ನೂ ನಿಧಾನ. ತಾತ್ಕಾಲಿಕ ಮನೆಗಳು ಪೂರ್ತಿ ಖಾಲಿಯಾಗಿದ್ದು 2000ದಲ್ಲಿ. ಅಕ್ಕಪಕ್ಕದವರಿಂದ ದೂರವಾಗಿ ಅಲ್ಲಿ ಒಂಟಿಯಾಗಿದ್ದ ಎಷ್ಟೋ ಮುದುಕರು, ಯಾರಿಗೂ ಗೊತ್ತಾಗದೆ ತೀರಿಕೊಂಡರು. ಇದು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ.

ಅಂದಹಾಗೆ, ಕೋಬೆಯಲ್ಲಿ ಭಾರತೀಯರು ಹೆಚ್ಚಿದ್ದಕ್ಕೂ ಭೂಕಂಪವೇ ಕಾರಣ! 1923ರ ಭೂಕಂಪದಲ್ಲಿ ಟೋಕಿಯೊ ಪಕ್ಕದ ಯೊಕೊಹಾಮಾ ನೆಲಸಮವಾದಾಗ ಅಲ್ಲಿದ್ದ ನಮ್ಮ ವ್ಯಾಪಾರಿಗಳಲ್ಲಿ ಅನೇಕರು ಇಲ್ಲಿಗೆ ಬಂದರು. ಈಗ ನಗರದ ಕಿತಾನೊ ಬಡಾವಣೆಯಲ್ಲಿ ಜೈನ ದೇವಾಲಯವೇ ಇದೆ.

ನನಗೆ ಈ ನಗರದ ಒಂದು ನಡೆ ಇಷ್ಟ. ಮೆರಿಕೆನ್ ಪಾರ್ಕ್‌ನಲ್ಲಿ 60 ಮೀಟರ್ ಮುರಿದ ಧಕ್ಕೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಇಷ್ಟವಾಗದ್ದು ವಿಮಾನ ನಿಲ್ದಾಣದ ವಿಷಯ. ಜನ ಇನ್ನೂ ತಾತ್ಕಾಲಿಕ ಮನೆಗಳಲ್ಲಿದ್ದಾಗಲೇ, ಮತ್ತೆ ಕಡಲು ತುಂಬಿ ಅದನ್ನು ಕಟ್ಟಲು ನಗರಾಡಳಿತ ಹೊರಟಿತು. ಜನರ ಮತ ಕೇಳಿ ಅಂತ 1998ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಕೌನ್ಸಿಲ್ ತಳ್ಳಿಹಾಕಿತು. 2006ರಲ್ಲಿ ನಿಲ್ದಾಣ ಶುರುವಾಯಿತು. ಇದರಲ್ಲಿ ಮಾತ್ರ ಜಪಾನಿನವರೂ ನಮ್ಮವರೂ ಒಂದೇ, ಅಲ್ವಾ?