ಸಮುದ್ರಕ್ಕಿಂತ ಮುಂಚೆ ನೋಟೀಸು ಬಂತು

ಬ್ರಿಟನ್ನಿನ ವೇಲ್ಸ್‌ನಲ್ಲಿ ಫೇರ್‌ಬೋರ್ನ್ ಅನ್ನೋ ಕಡಲತೀರದ ಊರಿದೆ. ಅದರ ಸುದ್ದಿ ಓದಿದಾಗಲೆಲ್ಲ ಅಲ್ಲಿನ ಸ್ಥಳೀಯ ಆಡಳಿತ, ಗ್ವಿನೆಡ್ ಕೌನ್ಸಿಲ್‌ಗೆ ಒಂದು ಹಾರ ಹಾಕಬೇಕು ಅನಿಸುತ್ತದೆ. ನಾಳೆ ಮಳೆ ಬರುತ್ತಾ ಅಂದರೆ ಹವಾಮಾನದವರು ತಲೆ ಕೆರೆದುಕೊಳ್ಳುತ್ತಾರೆ. ಇಲ್ಲಿ ನೋಡಿ, ಇಡೀ ಊರನ್ನು ಏರುತ್ತಿರೋ ಸಮುದ್ರಕ್ಕೆ ಬಿಟ್ಟುಕೊಡೋದಕ್ಕೆ ಇಸವಿಯೇ ಸಿಕ್ಕಿಬಿಟ್ಟಿತು: 2054.

2013ರಲ್ಲಿ ಕೌನ್ಸಿಲ್ ಕರಾವಳಿ ಯೋಜನೆಯೊಂದನ್ನು ಒಪ್ಪಿಕೊಂಡಿತು. ಇನ್ನೊಂದಷ್ಟು ದಶಕ ತಡೆಗೋಡೆ ನೋಡಿಕೊಳ್ಳೋದು, ಆಮೇಲೆ ಕೈಬಿಡೋದು, ಜನ ಜಾಗ ಖಾಲಿ ಮಾಡೋದು. ಊರಿನ ಎಷ್ಟೋ ಜನಕ್ಕೆ ಇದು ತಿಳಿದದ್ದು ಮರುವರ್ಷ, ಟೀವಿ ನೋಡಿ. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತಾರಲ್ಲ, ಇಲ್ಲಿ ಕೌನ್ಸಿಲ್ ಹೋಗು ಅನ್ನುತ್ತೆ, ಸಮುದ್ರ ನಾನೇ ಬರ್ತೀನಿ ಇರು ಅನ್ನುತ್ತೆ.

ಜಾಗ ತಗ್ಗಿನದು, ಸುಳ್ಳಲ್ಲ. ಮುಂದೆ ಕಾರ್ಡಿಗನ್ ಕೊಲ್ಲಿ, ಪಕ್ಕದಲ್ಲಿ ಮೌದಾಖ್ ನದಿಯ ಅಳಿವೆ, ಬೆನ್ನಿಗೆ ಗುಡ್ಡ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮ್ಯಾಕ್‌ಡೂಗಲ್ ಅನ್ನೋ ಹಿಟ್ಟಿನ ಸಾಹುಕಾರ ಈ ಜವುಗು ನೆಲದಲ್ಲಿ ಬೀಚ್ ಊರು ಕಟ್ಟಲು ಹೊರಟ. ಸಾಮಾನು ಸಾಗಿಸಲು ಕುದುರೆ ಎಳೆಯೋ ಟ್ರಾಮ್ ಬಂತು, ಈಗ ಅಲ್ಲಿ ಪುಟಾಣಿ ರೈಲು ಓಡುತ್ತದೆ. ದಡದಲ್ಲಿ ಎರಡನೇ ಮಹಾಯುದ್ಧದ ಕಾಂಕ್ರೀಟ್ ದಿಮ್ಮಿಗಳು ಇವತ್ತಿಗೂ ಸಾಲಾಗಿ ನಿಂತಿವೆ, ಹಿಟ್ಲರನ ಟ್ಯಾಂಕ್ ತಡೆಯಲು. ಟ್ಯಾಂಕ್ ಬರಲೇ ಇಲ್ಲ. ಬಾರದ ಶತ್ರುವಿಗೆ ಅಷ್ಟು ಕಾಂಕ್ರೀಟ್ ಸುರಿದರು. ಬರ್ತಾ ಇರೋ ಸಮುದ್ರಕ್ಕೆ ಮಾತ್ರ ಬಜೆಟ್ ನೋಡಬೇಕಂತೆ.

ಕೌನ್ಸಿಲ್‌ಗೆ ವೇಗ ಇಲ್ಲ ಅನ್ನಬೇಡಿ. 1996ರ ಏಪ್ರಿಲ್ 1ಕ್ಕೆ ಅದು ಶುರುವಾದಾಗ ಅದರ ಹೆಸರು ಕರ್ನಾರ್ವನ್‌ಶೈರ್ ಮತ್ತು ಮೆರಿಯೊನೆತ್‌ಶೈರ್. ಉಸಿರು ಸಿಕ್ಕಿಹಾಕಿಕೊಳ್ಳೋ ಹೆಸರು. ಮರುದಿನವೇ ಬೋರ್ಡು ಬದಲು, ಗ್ವಿನೆಡ್! ಇನ್ನೊಂದು ಕಡೆ, ಇದೇ ಜಿಲ್ಲೆಯ ಟ್ರಾಸ್‌ವನಿಥ್ ಅಣುಸ್ಥಾವರ ಕರೆಂಟು ತೆಗೆಯೋದು ನಿಲ್ಲಿಸಿದ್ದು 1991ರಲ್ಲಿ. ಅದನ್ನು ಬಿಚ್ಚೋ ಕೆಲಸ ಇನ್ನೂ ಮುಗಿದಿಲ್ಲ. ಖಾಲಿ ಸ್ಥಾವರಕ್ಕೆ ಇಷ್ಟು ತಾಳ್ಮೆ, ಜನ ಇರೋ ಊರಿಗೆ ಡೆಡ್‌ಲೈನು.

ಊರಿನವರು ಯಾರ ಬಾಗಿಲು ತಟ್ಟಬೇಕು? ಹತ್ತಿರದ್ದು ಆರ್ಥಾಗ್ ಕಮ್ಯೂನಿಟಿ ಕೌನ್ಸಿಲ್, ಹೆಚ್ಚೂಕಡಿಮೆ ಗ್ರಾಮ ಪಂಚಾಯಿತಿ ಅನ್ನಿ. ಬೆಂಚು, ಕಾಲುದಾರಿ ಅಂದರೆ ನೋಡಿಕೊಳ್ಳಬಹುದು, ಸಮುದ್ರಕ್ಕೆ ಠರಾವು ಪಾಸು ಮಾಡಿ ಪ್ರಯೋಜನ ಇಲ್ಲ. ಅದರ ಮೇಲೆ ಗ್ವಿನೆಡ್. ತಡೆಗೋಡೆಗೆ ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಅನ್ನೋ ಸರ್ಕಾರಿ ಸಂಸ್ಥೆ. ದುಡ್ಡಿಗೆ ಕಾರ್ಡಿಫ್‌ನಲ್ಲಿ ಕೂತ ವೇಲ್ಸ್ ಸರ್ಕಾರ. ಅದರಾಚೆ ಲಂಡನ್. ಎಲ್ಲ ಕಡೆ ಸಭೆ, ವರದಿ, ನಕ್ಷೆ. ಎಲ್ಲ ಕಡೆ ಪಕ್ಕದ ಕೌಂಟರಿಗೆ ಹೋಗಿ ಅನ್ನೋ ಮುಖ.

ನಗು ಇಲ್ಲಿಗೆ ಸಾಕಾಗುತ್ತದೆ. ಸುದ್ದಿ ಹೊರಬಿದ್ದ ಮೇಲೆ ಅಲ್ಲಿನ ಮನೆಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಗೆದವು, ಬೆಲೆ ಬಿತ್ತು. ರಿಟೈರ್ ಆದ ಮೇಲೆ ಸಮುದ್ರದ ಪಕ್ಕ ನೆಮ್ಮದಿಯಾಗಿರೋಣ ಅಂತ ಬಂದವರು ಜಾಸ್ತಿ ಇರೋ ಊರು ಅದು. ಜೀವಮಾನದ ದುಡ್ಡೆಲ್ಲ ಆ ನಾಲ್ಕು ಗೋಡೆಗಳಲ್ಲಿದೆ. ಮಾರೋಣ ಅಂದರೆ ಕೊಳ್ಳುವವರು ಸಾಲವಿಲ್ಲದೆ ನಗದು ತರಬೇಕು. ಪರಿಹಾರ ಕೇಳೋಣ ಅಂದರೆ ಹಾಗೆ ಕೊಡಬೇಕು ಅನ್ನೋ ಕಾನೂನೇ ಬ್ರಿಟನ್ನಿನಲ್ಲಿ ಇಲ್ಲ. ನೀರು ಮನೆಯೊಳಗೆ ಬರೋಕೆ ನಲವತ್ತು ವರ್ಷ ಮುಂಚೆಯೇ ಮನೆ ಕಳೆದುಕೊಂಡ ಹಾಗಾಯಿತು, ಅದೂ ಒಂದು ಸರ್ಕಾರಿ ಕಡತದಿಂದ. ಇಷ್ಟು ಮಾಡಿದವರು ಜನ ಎಲ್ಲಿಗೆ ಹೋಗಬೇಕು, ಯಾರ ದುಡ್ಡಲ್ಲಿ ಹೋಗಬೇಕು ಅನ್ನೋ ಎರಡು ಸಾಲು ಮೊದಲು ಬರೆಯಬಹುದಿತ್ತು, ಅಲ್ವಾ? ತಾರೀಖು ಆಮೇಲೆ ಹಾಕಿಕೊಳ್ಳಲಿ.