ಗುಂಡಿಯ ನೀರಿನ ಲೆಕ್ಕ ಯಾರು ಕೊಡುತ್ತಾರೆ?

ಬೆಂಗಳೂರಿನ ಕನಕಪುರ ರಸ್ತೆಗೆ ಸೇರುವ ನಮ್ಮ ಬೀದಿಯ ತುದಿಯಲ್ಲಿ 40 ಮಹಡಿಯ ಐಷಾರಾಮಿ ಅಪಾರ್ಟ್‌ಮೆಂಟ್ ಬರುತ್ತಿದೆ. ತುತ್ತತುದಿಯಲ್ಲಿ ಈಜುಕೊಳವಂತೆ. ಬೋರ್ಡಿನ ಮೇಲೆ ಬರೀ ಆಕಾಶದ ಚಿತ್ರ. ನಾನಂತೂ ಏಳು ತಿಂಗಳಿಂದ ಅದರ ಗುಂಡಿಯನ್ನೇ ನೋಡುತ್ತಿದ್ದೇನೆ.

ಕಾರು ನಿಲ್ಲಿಸಲು ನಾಲ್ಕು ಬೇಸ್‌ಮೆಂಟ್ ಬೇಕು. ಅಷ್ಟು ಆಳ ಅಗೆದಾಗ ನೀರು ಜಿನುಗಿತು. ನೀರು ನಿಂತಿದ್ದರೆ ಕೆಲಸ ಸಾಗುವುದಿಲ್ಲ. ಹಾಗಾಗಿ ಹಗಲೂ ರಾತ್ರಿ ಮೋಟರ್ ಓಡುತ್ತದೆ, ದಪ್ಪ ಪೈಪಿನಿಂದ ನೀರು ಮೋರಿಗೆ ಬೀಳುತ್ತದೆ. ಕೈಯೊಡ್ಡಿ ನೋಡಿದ್ದೇನೆ, ತಿಳಿನೀರು. ಬೆಳಗಾದರೆ ಅದೇ ಗೇಟಿನೊಳಗೆ ಟ್ಯಾಂಕರ್ ಹೋಗುತ್ತದೆ!

ಗುಂಡಿಯನ್ನು ತಿಂಗಳುಗಟ್ಟಲೆ ಬರಿದು ಮಾಡುತ್ತಿದ್ದರೆ ಸುತ್ತಲಿನ ಮಣ್ಣಿನ ನೀರೂ ಅಲ್ಲಿಗೇ ಇಳಿದುಹೋಗುತ್ತದೆ. ಪಕ್ಕದ ಮನೆ ಅಜ್ಜಿಯ ಹಿತ್ತಿಲಲ್ಲಿ ಒಂದು ತೆರೆದ ಬಾವಿ ಇದೆ. 2024ರ ಬೇಸಿಗೆಯಲ್ಲಿ ಜನ ಟ್ಯಾಂಕರಿಗೆ ಕಾದು ಸುಸ್ತಾಗಿದ್ದಾಗ ನಾವು ಆರು ಮನೆಯವರು ಬಟ್ಟೆ, ಪಾತ್ರೆ ತೊಳೆದದ್ದು ಅದರ ನೀರಿನಲ್ಲೇ. ಈ ಸಲ ಮೋಟರ್ ಹಾಕಿದ ಎರಡನೇ ತಿಂಗಳಿಗೆ ಬಾವಿಯ ತಳ ಕಂಡಿತು. "ಮದುವೆಯಾಗಿ ಬಂದಾಗಿನಿಂದ ಇದರ ತಳ ನೋಡಿರಲಿಲ್ಲ ಕಣಮ್ಮ" ಅಂದರು ಅಜ್ಜಿ. ರಾಟೆಯ ಹಗ್ಗ ಬಿಚ್ಚಿ ಸುತ್ತಿಟ್ಟಿದ್ದರು.

2024ರ ಮಾರ್ಚಿನಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತ್ತು, ನೆನಪಿದೆ ಅಲ್ವಾ? ಕುಡಿಯುವ ನೀರಿನಲ್ಲಿ ಕಾರು ತೊಳೆದರೂ, ಕಟ್ಟಡ ಕಟ್ಟಿದರೂ 5,000 ರೂಪಾಯಿ ದಂಡ. ಒಳ್ಳೆಯ ಕೆಲಸ. ಆದರೆ ನಮ್ಮ ಬೀದಿಯ ಈ ಪೈಪಿಗೆ ಒಂದು ಮೀಟರ್ ಕೂಡ ಇಲ್ಲ.

ಕಾವೇರಿ ನೀರು ಬರುವುದು ನಮ್ಮ ಈ ದಿಕ್ಕಿನಿಂದಲೇ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹತ್ತಿಸುತ್ತಾರೆ. ದಿನಕ್ಕೆ 775 ದಶಲಕ್ಷ ಲೀಟರ್ ತರುವ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಅಷ್ಟು ದೂರದಿಂದ ಹೊತ್ತು ತರುವ ಊರಿನಲ್ಲಿ ಕಾಲಡಿಯ ನೀರು ಮೋರಿ ಸೇರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎತ್ತರಕ್ಕೆ ಕಟ್ಟಬೇಡಿ ಅಂತ ನಾನು ಹೇಳುವುದಿಲ್ಲ. ಊರು ಅಡ್ಡಡ್ಡ ಹರಡುತ್ತಾ ಹೋದರೆ ಹೊಲ, ಕೆರೆ ಇನ್ನೂ ಜಾಸ್ತಿ ಹೋಗುತ್ತವೆ. ಆದರೆ ಗುಂಡಿಯಿಂದ ಎತ್ತಿದ ಪ್ರತಿ ಲೀಟರಿಗೂ ಲೆಕ್ಕ ಇರಲಿ. ಅದನ್ನು ಮೊದಲು ಆ ಕಟ್ಟಡಕ್ಕೇ ಬಳಸಲಿ. ಮಿಕ್ಕಿದ್ದು ಅಕ್ಕಪಕ್ಕದ ಸಂಪಿಗೋ ಹತ್ತಿರದ ಕೆರೆಗೋ ಹೋಗಲಿ. ಕಟ್ಟಡ ಮುಗಿದ ಮೇಲೆ ಇಂಗುಬಾವಿ ತೋಡಿ, ಮಳೆನೀರನ್ನು ನೆಲಕ್ಕೆ ವಾಪಸ್ ಕೊಡಲಿ. ಕೋಟಿಗಟ್ಟಲೆ ಬೆಲೆಯ ಮನೆ ಮಾರುವವರಿಗೆ ಇದು ದೊಡ್ಡ ಖರ್ಚೇನಲ್ಲ.

ಸೋಮವಾರ ನಾವು ಆರು ಮನೆಯವರು ಅರ್ಜಿ ಕೊಡಲು ಹೋಗುತ್ತಿದ್ದೇವೆ. ಅಜ್ಜಿಯೂ ಬರುತ್ತಾರೆ. ನಿಮ್ಮ ಬೀದಿಯಲ್ಲೂ ಬೇಸ್‌ಮೆಂಟ್ ಅಗೆಯುತ್ತಿದ್ದರೆ, ಆ ಪೈಪ್ ಎಲ್ಲಿಗೆ ಹೋಗಿ ಬೀಳುತ್ತದೆ ನೋಡಿ, ಒಂದು ಫೋಟೊ ತೆಗೆದು ಕೆಳಗೆ ಹಾಕಿ. ಅರ್ಜಿಯ ಜೊತೆ ಅವನ್ನೂ ಲಗತ್ತಿಸುತ್ತೇವೆ.