ನವಾಹೊ ಮಗುವಿಗೆ ನವಾಹೊ ನರ್ಸೇ ಯಾಕೆ?

ನವಾಹೊ ಅಂದರೆ ಅಮೆರಿಕದ ಒಂದು ಮೂಲನಿವಾಸಿ ಜನಾಂಗ. ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ "ತಮ್ಮ ಜನ, ತಮ್ಮ ಭಾಷೆ, ಪ್ರೀತಿ". ಪ್ರೀತಿ ಹಾಗಿರಲಿ. ನನ್ನ ಪ್ರಕಾರ ಇದು ಶುದ್ಧ ಕಸುಬಿನ ಮಾತು.

ಹಸುಗೂಸಿನ ಹಿಮ್ಮಡಿ ಚುಚ್ಚಿ ಪರೀಕ್ಷೆಗೆ ತೆಗೆಯುವ ರಕ್ತವನ್ನೇ ತೆಗೆದುಕೊಳ್ಳಿ. ನವಾಹೊ ಜನರಲ್ಲಿ ಸುಮಾರು 2,000 ಶಿಶುಗಳಿಗೆ ಒಂದು ಸೋಂಕು ತಡೆಯುವ ಶಕ್ತಿಯೇ ಇಲ್ಲದೆ ಹುಟ್ಟುತ್ತದೆ. ಆರ್ಟೆಮಿಸ್ ಅನ್ನುವ ಜೀನಿನ ದೋಷ ಅದು. ಹುಟ್ಟಿದಾಗ ಮಗು ಗುಂಡುಗುಂಡಾಗೇ ಇರುತ್ತದೆ, ನೋಡಿ ಏನೂ ತಿಳಿಯದು. ಮೂರೂವರೆ ತಿಂಗಳೊಳಗೆ, ಸೋಂಕು ತಗಲುವ ಮುಂಚೆ, ಅಸ್ಥಿಮಜ್ಜೆ ಕಸಿಯಾದರೆ ಬದುಕುವ ಸಾಧ್ಯತೆ ತುಂಬಾ ಹೆಚ್ಚು. ಅದಕ್ಕೇ ಹುಟ್ಟಿದ 24ರಿಂದ 48 ಗಂಟೆಯೊಳಗೆ ರಕ್ತ ತೆಗೆಯೋದು. ಹಿಮ್ಮಡಿ ಬೆಚ್ಚಗೆ ಮಾಡಿ, ನಡುವೆ ಚುಚ್ಚದೆ ಅಂಚಿಗೆ ಚುಚ್ಚಿ, ಮೊದಲ ಹನಿ ಒರೆಸಿ, ಕಾಗದದ ವೃತ್ತವನ್ನು ಒಂದೇ ಬದಿಯಿಂದ ತುಂಬಿಸಬೇಕು. ಕನಿಷ್ಠ 3 ಗಂಟೆ ಮಟ್ಟಸವಾಗಿಟ್ಟು ಒಣಗಿಸಬೇಕು. ಅವಸರಕ್ಕೆ ಹಿಮ್ಮಡಿ ಹಿಂಡಿದರೆ ರಕ್ತ ತೆಳುವಾಗಿ ಪರೀಕ್ಷೆ ಕೆಡುತ್ತದೆ. ಈ ಫಲಿತಾಂಶ ನೋಡದೆ 2 ತಿಂಗಳಿಗೆ ಭೇದಿ ತಡೆಯುವ ರೋಟಾವೈರಸ್ ಲಸಿಕೆಯ ಹನಿ ಹಾಕಬಾರದು. ಅದರಲ್ಲಿರೋದು ಜೀವಂತ ವೈರಸ್.

ಇಷ್ಟನ್ನು ಯಾವ ನರ್ಸಿಗಾದರೂ ಕಲಿಸಬಹುದು. ಕಷ್ಟ ಶುರುವಾಗೋದು ರಿಪೋರ್ಟ್ ಕೆಟ್ಟದಾಗಿ ಬಂದ ದಿನ.

ನವಾಹೊ ನಾಡು ಅಂದರೆ ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಗಳಲ್ಲಿ ಹರಡಿದ ಸುಮಾರು 70,000 ಚದರ ಕಿಲೋಮೀಟರ್ ನೆಲ. ಎಷ್ಟೋ ಮನೆಗಳಿಗೆ ನಂಬರೇ ಇಲ್ಲ. ಗಾಳಿಯಂತ್ರದ ಹತ್ತಿರ ಎಡಕ್ಕೆ, ಆಮೇಲೆ ಮಣ್ಣು ದಾರಿ, ಇದೇ ವಿಳಾಸ. ಮಳೆ ಬಂದರೆ ಆ ದಾರಿಯೂ ಕೆಸರು. ಹೇಗೋ ತಲುಪಿ "ಚಿಕಿತ್ಸೆ ಕೊಡಿಸದಿದ್ದರೆ ನಿಮ್ಮ ಮಗು ಸಾಯುತ್ತೆ" ಅಂದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಆಡಿದ ಮಾತೇ ಕೇಡನ್ನು ಕರೆದು ತರುತ್ತದೆ ಅನ್ನೋದು ಅಲ್ಲಿನ ಸಂಪ್ರದಾಯಸ್ಥರ ನಂಬಿಕೆ. "ಬಿಡ್ತು ಅನ್ನು" ಅಂತ ಬೈಸಿಕೊಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ನರ್ಸ್ ಮೊದಲು ತನ್ನ ತಾಯಿಯ ಕುಲ, ಆಮೇಲೆ ತಂದೆಯ ಕುಲ ಹೇಳಿಕೊಳ್ಳುತ್ತಾಳೆ. ಶಿಮಾಸಾನಿ, ಅಂದರೆ ತಾಯಿಯ ತಾಯಿ, ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳುತ್ತಾಳೆ. "ಹೀಗಿದ್ದ ಕೆಲವು ಮಕ್ಕಳಿಗೆ ಬೇಗ ಚಿಕಿತ್ಸೆ ಆಯಿತು, ಬಲ ಬಂತು" ಅಂತ ಬೇರೆಯವರ ಮೇಲಿಟ್ಟು ಮಾತಾಡುತ್ತಾಳೆ. ವಿಷಯ ಒಂದಿಷ್ಟೂ ಮುಚ್ಚಿಟ್ಟ ಹಾಗಾಗಲಿಲ್ಲ, ಮಗುವಿನ ಮೇಲೆ ಅಪಶಕುನವೂ ಬೀಳಲಿಲ್ಲ.

(ಇಂಥ ಹೆಣ್ಣುಮಕ್ಕಳನ್ನು ತಯಾರು ಮಾಡಲೆಂದೇ ಅರಿಜೋನಾದ ಗನಾಡೊ ಊರಲ್ಲಿ ಸೇಜ್ ಮೆಮೋರಿಯಲ್ ಆಸ್ಪತ್ರೆಯ ನರ್ಸಿಂಗ್ ಶಾಲೆ 1930ರಲ್ಲಿ ತೆರೆದಿತ್ತು. 1951ರಲ್ಲಿ ಮುಚ್ಚಿತು. ದೊಡ್ಡ ನಷ್ಟ ಅನ್ನೋದು ನನ್ನ ಅಭಿಪ್ರಾಯ.)

ಗಡಿಯಾರವೂ ಕಾಟ ಕೊಡುತ್ತದೆ. ಬೇಸಿಗೆಯಲ್ಲಿ ನವಾಹೊ ನಾಡು ಒಂದು ಗಂಟೆ ಮುಂದೆ ಹೋಗುತ್ತದೆ, ಸುತ್ತಲಿನ ಅರಿಜೋನಾ ಹೋಗುವುದಿಲ್ಲ. "10 ಗಂಟೆಗೆ ಬನ್ನಿ" ಅಂದರೆ ಯಾವ 10 ಅಂತಲೂ ಹೇಳಬೇಕು.

ಇನ್ನು ನೀರು. ನಲ್ಲಿಯಿಲ್ಲದ ಮನೆಗೆ ಹೋಗಿ "ಕುದಿಸಿ ಆರಿಸಿ ಹಾಲಿನ ಪುಡಿ ಕಲಸಿ" ಅಂದರೆ ಅರ್ಧ ಸಲಹೆ ಅಷ್ಟೆ. 1944ರಿಂದ 1986ರವರೆಗೆ ಯುರೇನಿಯಂ ಅಗೆದು ಬಿಟ್ಟುಹೋದ 500ಕ್ಕೂ ಹೆಚ್ಚು ಗಣಿಗಳಿರುವ ನೆಲ ಅದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಯುರೇನಿಯಂ ಮತ್ತು ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನೂ ಗಟ್ಟಿಯಾಗುತ್ತವೆ. ಆದ್ದರಿಂದ ತಿಳಿದ ನರ್ಸ್ ಮೊದಲು ಕೇಳೋದು "ಡ್ರಮ್ಮಿಗೆ ನೀರು ತುಂಬಿಸಿದ್ದು ಎಲ್ಲಿಂದ? ದನ-ಕುರಿಗೆ ಅಂತ ಇರುವ ಬಾವಿಯಿಂದಲಾ, ಪರೀಕ್ಷೆ ಮಾಡಿದ ನೀರಿನ ಕೇಂದ್ರದಿಂದಲಾ?"